ಚರಂಡಿಯಲ್ಲಿ ಸಿಕ್ಕ ಕಿತ್ತಯ್ಯ: ಹೆಬ್ಬಾಳದ ಒಂದು ಕಲ್ಲಿನ ಪ್ರಕರಣ

ಹೆಬ್ಬಾಳ ಅಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಫ್ಲೈಓವರ್. ಏರ್‌ಪೋರ್ಟಿಗೆ ಹೊರಟವರು ಅಲ್ಲಿ ಸಿಕ್ಕಿಹಾಕಿಕೊಂಡು ಗಡಿಯಾರ ನೋಡುತ್ತಾರೆ, ಪಕ್ಕದ ಕೆರೆಯನ್ನು ನೋಡುವವರು ಕಡಿಮೆ. ಆ ರಸ್ತೆಯಿಂದ ಸ್ವಲ್ಪ ಒಳಗೆ ಹಳೇ ಹೆಬ್ಬಾಳ ಗ್ರಾಮ ಇನ್ನೂ ಇದೆ. ಗುಡಿ, ಕಿರಿದಾದ ಬೀದಿಗಳು, ಒಂದರ ಮೇಲೊಂದು ಎದ್ದ ಬಾಡಿಗೆ ಮನೆಗಳು. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆಯುವಾಗ ಒಂದು ಕಲ್ಲು ಮೇಲೆ ಬಂತು. ಆಯುಧ ಹಿಡಿದ ಒಬ್ಬ ವೀರನ ಚಿತ್ರ, ಅದರ ಜೊತೆಗೆ ಒಂದಿಷ್ಟು ಅಕ್ಷರ.

ಇಂಥ ಕಲ್ಲು ಮೇಲೆ ಬರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಜೆಸಿಬಿ ಅದನ್ನು ಮಣ್ಣಿನ ಜೊತೆ ಎತ್ತಿ ಟಿಪ್ಪರಿಗೆ ಹಾಕುತ್ತದೆ. ಇಲ್ಲವೇ ಅದು ಚರಂಡಿಯ ಮೇಲೆ ಚಪ್ಪಡಿಯಾಗಿ ಮಲಗುತ್ತದೆ. ಅದೃಷ್ಟ ಇದ್ದರೆ ಅರಳಿಕಟ್ಟೆ ಸೇರುತ್ತದೆ. ಎಣ್ಣೆ, ಕುಂಕುಮ, ಸುಣ್ಣ ಬಳಿದುಕೊಂಡು ದೇವರಾಗುತ್ತದೆ, ಅಕ್ಷರ ಮುಚ್ಚಿಹೋಗುತ್ತದೆ, ಆದರೆ ಕಲ್ಲು ಉಳಿಯುತ್ತದೆ. ನನ್ನ ಅಜ್ಜಿಯ ಊರಿನ ಕೆರೆಯ ದಡದಲ್ಲಿ ಎಲ್ಲರೂ ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯೊಂದಿತ್ತು. ಅದರ ಅಡಿಯ ಮುಖದಲ್ಲಿ ಬರಹ ಇದ್ದದ್ದು ಗೊತ್ತಾದದ್ದು ಕಲ್ಲು ಎರಡು ತುಂಡಾಗಿ ಮಗುಚಿಕೊಂಡ ದಿನ. ಆಮೇಲೆ ಆ ತುಂಡುಗಳು ಎಲ್ಲಿಗೆ ಹೋದವೋ.

ಹೆಬ್ಬಾಳದಲ್ಲಿ ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದೇ ಈ ಪ್ರಕರಣ.

ಮೊದಲ ಕಾರಣ, ಆ ಹೊತ್ತಿಗೆ ಬೆಂಗಳೂರಿನಲ್ಲಿ ಕಲ್ಲು ಹುಡುಕಿಕೊಂಡು ತಿರುಗುವ ಒಂದು ಗುಂಪು ಇತ್ತು. ಇವರು ಇತಿಹಾಸದ ಮೇಷ್ಟ್ರುಗಳಲ್ಲ. ಇಂಜಿನಿಯರುಗಳು, ಕಂಪನಿ ಕೆಲಸದವರು, ಒಂದಿಬ್ಬರು ಛಾಯಾಗ್ರಾಹಕರು. ಕೈಯಲ್ಲಿದ್ದ ಆಧಾರ ಒಂದೇ: ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ, 1905ರಲ್ಲಿ ಅಚ್ಚಾದದ್ದು, ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಅವರೂ ಅವರ ಕೈಕೆಳಗಿನ ಪಂಡಿತರೂ ಹಳೆಯ ಮೈಸೂರು ಸೀಮೆಯನ್ನು ಊರೂರು ತಿರುಗಿ 8869 ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಕೂಡಿಸಿದರು. ಆ ಸಂಖ್ಯೆ ಓದಿದಾಗಲೆಲ್ಲ ನನಗೆ ಆ ಪಂಡಿತರ ಮೊಣಕಾಲು ನೆನಪಾಗುತ್ತದೆ. ಎಷ್ಟು ಹೊಲಗಳಲ್ಲಿ ಕುಕ್ಕರುಗಾಲಿನಲ್ಲಿ ಕೂತು ಓದಿರಬೇಕು!

ಆದರೆ ಆ ಪುಸ್ತಕ ಹಿಡಿದು ಇವತ್ತು ಹೊರಟವರಿಗೆ ಮೊದಲ ತೊಡಕು ವಿಳಾಸದ್ದು. ರೈಸ್ ಬರೆದದ್ದು ‘ಇಂಥ ಗ್ರಾಮದ ಇಂಥ ಗುಡಿಯ ಎದುರಿನ ಹೊಲದಲ್ಲಿ’ ಎಂದು. ಆ ಗ್ರಾಮ ಈಗ ಲೇಔಟು. ಹೊಲದ ಜಾಗದಲ್ಲಿ ಅಪಾರ್ಟ್‌ಮೆಂಟು, ಗುಡಿಗೆ ಹೊಸ ಗೋಪುರ, ಗೋಡೆಗೆ ಗ್ರಾನೈಟು. ಗ್ರಾಮದ ಹೆಸರೂ ಒಮ್ಮೊಮ್ಮೆ ಒಂದು ಬಸ್ ಸ್ಟಾಪಿನಲ್ಲಿ ಮಾತ್ರ ಉಳಿದಿರುತ್ತದೆ. ಹಾಗಾಗಿ ಇವರು ಮಾಡಿದ್ದು ಅರ್ಧ ಇತಿಹಾಸದ ಕೆಲಸ, ಅರ್ಧ ಪೋಸ್ಟ್‌ಮ್ಯಾನ್ ಕೆಲಸ. ಪುಸ್ತಕ ನೋಡುವುದು, ಊರಿನ ಹಳಬರನ್ನು ಹಿಡಿಯುವುದು, ‘ಅಜ್ಜಾ, ಇಲ್ಲಿ ಬರಹ ಇರೋ ಕಲ್ಲು ಇತ್ತಾ’ ಎಂದು ಕೇಳುವುದು, ಸಿಕ್ಕರೆ ಫೋಟೊ ತೆಗೆದು ಫೇಸ್‌ಬುಕ್ಕಿನಲ್ಲಿ ಹಾಕುವುದು. ಹೀಗೆ ಹಾಕುತ್ತಾ ಹೋದದ್ದರಿಂದಲೇ ‘ಕಲ್ಲು ಸಿಕ್ಕರೆ ಇವರಿಗೆ ಹೇಳಬಹುದು’ ಎಂಬುದು ಒಂದಿಷ್ಟು ಜನಕ್ಕೆ ಗೊತ್ತಾಯಿತು. ಹೆಬ್ಬಾಳದ ಕಲ್ಲು ಎದ್ದಾಗ ಸುದ್ದಿ ಮುಟ್ಟಿಸಲು ಒಂದು ವಿಳಾಸ ಇತ್ತು ಎನ್ನುವುದೇ ದೊಡ್ಡ ಸಂಗತಿ.

ಎರಡನೆಯ ಕಾರಣ ಓದು. ಶಾಸನತಜ್ಞರು ಬಂದು ಕಲ್ಲನ್ನು ಓದಿದರು. ಅದರಲ್ಲಿ ತೇದಿ ಇಲ್ಲ. ಲಿಪಿಯ ಬಗೆ ಮತ್ತು ಗಂಗರ ದೊರೆ ಶ್ರೀಪುರುಷನ ಹೆಸರು ಹಿಡಿದು ಸುಮಾರು ಕ್ರಿ.ಶ. 750 ಎಂದು ಲೆಕ್ಕ ಹಾಕಿದರು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದನ್ನೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಸಾರ ಇಷ್ಟು: ಶ್ರೀಪುರುಷ ಮಹಾರಾಜ ಆಳುತ್ತಿದ್ದಾಗ, ಪೆರ್ಬೊಳಲ್‌ನಾಡು ಮೂವತ್ತರಲ್ಲಿ, ರಟ್ಟವಾಡಿಯವರು ಮೇಲೆ ಬಿದ್ದಾಗ, ಕಿತ್ತಯ್ಯ ಎಂಬವನು ಕಾದಿ ಸತ್ತ.

ಇಷ್ಟು ಸಾಲಿನಲ್ಲಿ ಎಷ್ಟೊಂದು ಅಡಗಿದೆ ನೋಡಿ. ಪೆರ್ಬೊಳಲ್ ಎಂದರೆ ಪೆರ್ ಮತ್ತು ಪೊಳಲ್. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೆರ್ ಎಂಬುದು ಹೆಬ್ಬಾಗಿಲು, ಹೆಬ್ಬಾವು, ಹೆಬ್ಬೆರಳುಗಳ ‘ಹೆಬ್’ ಆಯಿತು. ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳವಾಯಿತು. ಹೆಸರಿನ ಜೊತೆಗಿರುವ ‘ಮೂವತ್ತು’ ಆಡಳಿತದ ಒಂದು ಘಟಕ, ಮೂವತ್ತು ಊರುಗಳ ನಾಡು. ಅಂದರೆ ಕೆಂಪೇಗೌಡರು ಪೇಟೆ ಕಟ್ಟಿಸಿದ 1537ಕ್ಕೂ ಸುಮಾರು ಎಂಟು ಶತಮಾನ ಮೊದಲೇ ಈ ಊರನ್ನು ‘ದೊಡ್ಡ ಪಟ್ಟಣ’ ಎಂದು ಕರೆಯುತ್ತಿದ್ದರು. ಫ್ಲೈಓವರ್ ಕಟ್ಟಿದ್ದರಿಂದ ಊರು ದೊಡ್ಡದಾಯಿತು ಎಂದುಕೊಂಡವರಿಗೆ ಇದು ಸ್ವಲ್ಪ ಪೆಟ್ಟೇ.

ರಟ್ಟವಾಡಿ ಎಂದರೆ ರಾಷ್ಟ್ರಕೂಟರ ಸೀಮೆ. ಗಂಗರಿಗೂ ರಾಷ್ಟ್ರಕೂಟರಿಗೂ ಎಂಟನೆಯ ಶತಮಾನದಲ್ಲಿ ನಡೆದ ಜಗಳವನ್ನು ಶಾಲೆಯಲ್ಲಿ ಓದಿದ್ದೇವೆ, ಮರೆತಿದ್ದೇವೆ. ಶ್ರೀಪುರುಷನ ಬೀಡು ಮಾನ್ಯಪುರ, ಇವತ್ತಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಪಠ್ಯಪುಸ್ತಕದಲ್ಲಿ ಆ ಜಗಳ ದೊರೆಗಳದ್ದು. ಈ ಕಲ್ಲಿನಲ್ಲಿ ಅದು ಹೆಬ್ಬಾಳದ ಬಾಗಿಲಿಗೆ ಬಂದಿದೆ, ಸತ್ತವನಿಗೆ ಹೆಸರಿದೆ. ವೀರಗಲ್ಲುಗಳಲ್ಲಿ ಸಾವಿನ ಸಂದರ್ಭಕ್ಕೆ ಬೇರೆ ಬೇರೆ ಮಾತುಗಳಿವೆ. ದನ ಹಿಡಿದೊಯ್ದವರ ಮೇಲೆ ಬಿದ್ದು ಸತ್ತರೆ ತುರುಗೊಳ್, ಊರೇ ಹಾಳಾಗುವಾಗ ಸತ್ತರೆ ಊರಳಿವು, ಹೆಣ್ಣಿನ ಮಾನಕ್ಕಾಗಿ ಸತ್ತರೆ ಪೆಣ್ಬುಯ್ಯಲ್. ಒಂದೊಂದು ಸಾವನ್ನೂ ಬೇರೆ ಬೇರೆ ಎಂದು ಗುರುತಿಸಿ ಹೆಸರಿಟ್ಟ ಜನ ಅವರು.

ಈಗ ಪ್ರಕರಣದ ನಿಜವಾದ ತಿರುವು. ಕಲ್ಲನ್ನು ಎಲ್ಲಿಡುವುದು?

ಸುಲಭದ ದಾರಿ ಮ್ಯೂಸಿಯಂ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು, ಅಲ್ಲಿ ಕಲ್ಲಿಗೆ ಮಳೆ ಇಲ್ಲ, ಟಿಪ್ಪರ್ ಇಲ್ಲ. ಬೇಗೂರಿನ ಪ್ರಸಿದ್ಧ ವೀರಗಲ್ಲು ಅಲ್ಲೇ ಇದೆ. ಆನೆ, ಕುದುರೆ, ಸತ್ತುಬಿದ್ದವರು ಎಲ್ಲರೂ ಒಂದೇ ಚೌಕಟ್ಟಿನಲ್ಲಿ ತುಂಬಿರುವ ಅದ್ಭುತ ಕಲ್ಲು. ಸರಿ, ಅದನ್ನು ನೋಡಿ ಹೊರಬಂದ ಎಷ್ಟು ಜನಕ್ಕೆ ಬೇಗೂರು ಯಾವ ದಿಕ್ಕಿಗಿದೆ ಗೊತ್ತು? ಬೇಗೂರಿನ ಹುಡುಗರಲ್ಲಿ ಎಷ್ಟು ಜನ ಆ ಕಲ್ಲನ್ನು ನೋಡಿದ್ದಾರೆ? ಅದೇ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಉಳಿದ ಇನ್ನೊಂದು ಕಲ್ಲು, ಸುಮಾರು ಕ್ರಿ.ಶ. 890ರದು, ‘ಬೆಂಗಳೂರ ಕಾಳೆಗ’ವನ್ನು ಹೇಳುತ್ತದೆ. ಹೊಯ್ಸಳ ಬಲ್ಲಾಳ ಬೆಂದ ಕಾಳು ತಿಂದ ಕಥೆಗೂ ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂಬ ಹೆಸರಿತ್ತು ಎಂದು ತೋರಿಸಿದ್ದು ಅದೇ. ಆ ಕಲ್ಲು ಊರಿನಲ್ಲೇ ಇರುವುದರಿಂದ ಜನ ಬೇಗೂರಿಗೇ ಹೋಗುತ್ತಾರೆ, ಗುಡಿಯನ್ನೂ ಕೆರೆಯನ್ನೂ ನೋಡುತ್ತಾರೆ.

ಹೆಬ್ಬಾಳದವರು ಮತ್ತು ಆ ಗುಂಪಿನವರು ಆರಿಸಿಕೊಂಡದ್ದು ಎರಡನೆಯ ದಾರಿ. ಕಲ್ಲು ಊರು ಬಿಡಲಿಲ್ಲ. ಸಾರ್ವಜನಿಕರಿಂದ ದುಡ್ಡು ಕೂಡಿಸಿ, ಗಂಗರ ಕಾಲದ ಕಟ್ಟಡಗಳ ಮಾದರಿಯಲ್ಲಿ ಒಂದು ಕಲ್ಲಿನ ಮಂಟಪ ಕಟ್ಟಿಸಿ ಅದರಲ್ಲಿ ನಿಲ್ಲಿಸಿದರು. ಕೇಳಲು ಸರಳ. ಆದರೆ ನಮ್ಮ ನಗರದಲ್ಲಿ ಹತ್ತಡಿ ಜಾಗ ಹೊಂದಿಸುವುದು ಎಂದರೆ ಏನು ಎಂದು ಒಂದು ಆಟೊ ಸ್ಟ್ಯಾಂಡಿಗೋ ಕನ್ನಡ ಸಂಘದ ಧ್ವಜಕಂಬಕ್ಕೋ ಓಡಾಡಿದವರನ್ನು ಕೇಳಿ.

ಈ ತೀರ್ಮಾನ ಸರಿಯೇ ಎಂದು ನನಗೆ ಅನ್ನಿಸುತ್ತದೆ, ಒಂದು ಅನುಮಾನದ ಜೊತೆಗೆ. ಮಂಟಪ ಕಟ್ಟಿದ ತಕ್ಷಣ ಕಲ್ಲು ದೇವರಾಗುವ ದಾರಿ ಹಿಡಿಯುತ್ತದೆ. ಹೂವು ಬರುತ್ತದೆ, ಹಿಂದೆಯೇ ಅರಿಸಿನ ಕುಂಕುಮ, ಆಮೇಲೆ ಎಣ್ಣೆ. ಪೂಜೆ ಬೇಡ ಎನ್ನುವಷ್ಟು ಬುದ್ಧಿವಂತ ನಾನಲ್ಲ, ಏಕೆಂದರೆ ಸಾವಿರ ವರ್ಷ ಈ ಕಲ್ಲುಗಳನ್ನು ಉಳಿಸಿದ್ದು ಇಲಾಖೆಯಲ್ಲ, ವೀರರ ಗುಡಿ ಎಂದು ಕೈಮುಗಿದ ಜನ. ಆದರೆ ಎಣ್ಣೆ ಮತ್ತು ಧೂಳು ಸೇರಿ ಅಕ್ಷರದ ಗೆರೆಯಲ್ಲಿ ಕೂತರೆ ಮುಂದಿನವನು ಓದುವುದು ಹೇಗೆ? ಹಾಗೆಂದು ತೊಳೆಯಲು ಹೊರಟರೆ ಅದು ಇನ್ನೂ ಅಪಾಯ. ಆಸಿಡ್ ಹಾಕಿ ಉಜ್ಜಿದವರನ್ನೂ, ಅಕ್ಷರ ಚೆನ್ನಾಗಿ ಕಾಣಲಿ ಎಂದು ಪೇಂಟು ತುಂಬಿದವರನ್ನೂ ಕಂಡಿದ್ದೇನೆ. ಪೇಂಟು ತುಂಬುವವನು ತನಗೆ ಕಂಡ ಅಕ್ಷರವನ್ನು ತುಂಬುತ್ತಾನೆ, ಕಲ್ಲಿನಲ್ಲಿದ್ದದ್ದನ್ನಲ್ಲ. ಅಲ್ಲಿಗೆ ಆ ಶಾಸನ ಅವನದಾಯಿತು.

ಓದುವ ಹಳೆಯ ವಿಧಾನ ಕಲ್ಲಿಗೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ. ನೀರಿನಿಂದ ಮೆತ್ತಗೆ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ಒತ್ತುತ್ತಾರೆ. ಎದ್ದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅದೇ ಪಡಿಯಚ್ಚು. ಅದಕ್ಕೂ ಸುಲಭದ ಉಪಾಯ ಕತ್ತಲೆ. ರಾತ್ರಿ ಹೋಗಿ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚು ಬಿಟ್ಟರೆ, ಹಗಲಲ್ಲಿ ಇಲ್ಲವೇ ಇಲ್ಲ ಎನ್ನಿಸಿದ ಸಾಲುಗಳು ನೆರಳಾಗಿ ಏಳುತ್ತವೆ. ಮೊದಲ ಸಲ ಅದನ್ನು ನೋಡಿದವರು ಸುಮ್ಮನಾಗಿಬಿಡುತ್ತಾರೆ.

ಹೆಬ್ಬಾಳದ ಕೆಲಸ ಇಲ್ಲಿಗೇ ನಿಂತಿದ್ದರೆ ಅದು ಒಂದು ಒಳ್ಳೆಯ ಸುದ್ದಿಯಷ್ಟೇ ಆಗುತ್ತಿತ್ತು. ಮುಂದೆ ಅದಕ್ಕೆ ಒಂದು ಸಂಸ್ಥೆಯ ಬೆನ್ನು ಸಿಕ್ಕಿತು: ಮಿಥಿಕ್ ಸೊಸೈಟಿ. 1909ರಲ್ಲಿ, ಆಗ ಬೆಂಗಳೂರು ಕಂಟೋನ್ಮೆಂಟಿನ ಕಲೆಕ್ಟರ್ ಆಗಿದ್ದ ಎಫ್. ಜೆ. ರಿಚರ್ಡ್ಸ್ ಮುಂದೆ ನಿಂತು ಹುಟ್ಟುಹಾಕಿದ ಸಭೆ ಅದು. ತನ್ನದೇ ತ್ರೈಮಾಸಿಕ ಪತ್ರಿಕೆ, ಡೇಲಿ ಮೆಮೋರಿಯಲ್ ಹಾಲ್ ಎಂಬ ಚೆಂದದ ಕಟ್ಟಡ, ದೊಡ್ಡ ಗ್ರಂಥಾಲಯ. ಬಹಳ ಕಾಲ ಅದು ಇಂಗ್ಲಿಷಿನಲ್ಲಿ ಪ್ರಬಂಧ ಓದುವವರ, ಕೇಳುವವರ ಜಾಗ ಎಂಬ ಭಾವನೆ ಹೊರಗಿನವರಿಗಿತ್ತು, ನನಗೂ ಇತ್ತು. ಅಂಥ ಸಂಸ್ಥೆ 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆಗೆ ಕೈಹಾಕಿತು, ಬೀದಿಯಲ್ಲಿ ಕಲ್ಲು ಹುಡುಕುತ್ತಿದ್ದವರೇ ಅದರ ಕೈಕಾಲಾದರು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು, ರಾಮನಗರದ ಕಡೆಯ ಊರುಗಳು ಅದರ ವ್ಯಾಪ್ತಿ.

ಇಲ್ಲೊಂದು ತಮಾಷೆ ಇದೆ. ಸೊಸೈಟಿ ಇರುವ ರಸ್ತೆಯ ಹೆಸರು ನೃಪತುಂಗ ರಸ್ತೆ. ನೃಪತುಂಗ ಯಾರು? ರಾಷ್ಟ್ರಕೂಟ ದೊರೆ, ಕ್ರಿ.ಶ. 814ರಿಂದ 878ರವರೆಗೆ ಆಳಿದವನು, ಕನ್ನಡನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಮಾತಿನ ಜೊತೆ ನಾವು ನೆನೆಯುವ ಹೆಸರು. ರಟ್ಟರ ಎದುರು ಬಿದ್ದು ಸತ್ತ ಕಿತ್ತಯ್ಯನ ಅಕ್ಷರಗಳು ಕೊನೆಗೆ ಭದ್ರವಾಗಿ ಕೂತದ್ದು ರಟ್ಟ ದೊರೆಯ ಹೆಸರಿನ ರಸ್ತೆಯ ಕಂಪ್ಯೂಟರಿನಲ್ಲಿ. ನಮ್ಮ ಇತಿಹಾಸವನ್ನು ‘ನಾವು’ ‘ಅವರು’ ಎಂದು ಎರಡು ಪಾಲು ಮಾಡಲು ಹೊರಡುವವರು ಈ ರಸ್ತೆಯಲ್ಲಿ ಒಂದು ಸುತ್ತು ನಡೆಯಬೇಕು.

ಸ್ಕ್ಯಾನರಿನ ಅನುಕೂಲ ಇಷ್ಟೇ: ಕಲ್ಲಿನ ಮೈಯ ಏರುತಗ್ಗುಗಳನ್ನು ಅದು ಕೂದಲೆಳೆಯಷ್ಟು ನಿಖರವಾಗಿ ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಬಣ್ಣ ತೆಗೆದುಹಾಕಿ, ಬೆಳಕನ್ನು ಬೇಕಾದ ಕಡೆಯಿಂದ ಬಿಟ್ಟು ನೋಡಬಹುದು. ಆ ರಾತ್ರಿಯ ಟಾರ್ಚಿನ ಕೆಲಸವನ್ನೇ ಮನೆಯಲ್ಲಿ ಕೂತು ಮಾಡಿದ ಹಾಗೆ. ನೂರು ವರ್ಷದ ಹಿಂದೆ ಓದಲಾಗದೆ ಚುಕ್ಕಿ ಇಟ್ಟು ಬಿಟ್ಟ ಅಕ್ಷರಗಳನ್ನು ಮತ್ತೆ ಓದಲು ಪ್ರಯತ್ನಿಸಬಹುದು. ಕಲ್ಲು ನಾಳೆ ಕಳೆದುಹೋದರೂ ಓದು ಉಳಿಯುತ್ತದೆ. ಹಳೆಯ ಲಿಪಿಯ ಒಂದೊಂದು ಅಕ್ಷರವನ್ನೂ ಕಲ್ಲಿನಿಂದ ಬಿಡಿಸಿ ತೋರಿಸುವ ‘ಅಕ್ಷರ ಭಂಡಾರ’ ಎಂಬ ಸಲಕರಣೆಯನ್ನೂ ಇವರು ಮಾಡಿದ್ದಾರೆ. ಎಂಟನೆಯ ಶತಮಾನದ ಅಕ್ಷರ ಹೇಗಿತ್ತು ಎಂದು ನೋಡಬೇಕೆನಿಸಿದ ಹೈಸ್ಕೂಲ್ ಹುಡುಗಿ ಈಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ, ಅದು ಅಷ್ಟೇನೂ ಉತ್ಸಾಹದ ವಿಷಯವಲ್ಲ. ರಾಜ್ಯದಲ್ಲಿ ಪ್ರಾಚೀನ ಸ್ಮಾರಕಗಳಿಗೆ 1961ರ ಕಾಯಿದೆ ಇದೆ, ಆದರೆ ಅದು ಮುಖ್ಯವಾಗಿ ಸಂರಕ್ಷಿತ ಎಂದು ಘೋಷಣೆಯಾದವುಗಳನ್ನು ಕಾಯುತ್ತದೆ. ಬೀದಿಯ ಮೂಲೆಯ ವೀರಗಲ್ಲು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಇನ್ನು ನೆಲದಡಿ ಸಿಕ್ಕದ್ದಕ್ಕೆ 1878ರ ನಿಧಿ ಕಾಯಿದೆ: ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಶಾಸನಕ್ಕೆ ಬೆಲೆ ಕಟ್ಟುವವರು ಯಾರು? ಜನರ ಬಾಯಲ್ಲಿ ಮಾತ್ರ ‘ನಿಧಿ’ ಎಂಬ ಪದ ಜೋರಾಗಿ ಓಡಾಡುತ್ತದೆ. ಬರಹ ಇರುವ ಕಲ್ಲು ಎಂದರೆ ಕೆಳಗೆ ಚಿನ್ನ ಇದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು, ಅದಕ್ಕಾಗಿ ಅಮಾವಾಸ್ಯೆಯ ರಾತ್ರಿ ಅಗೆದು ಒಡೆದುಹಾಕಿದ ಕಲ್ಲುಗಳಿಗೆ ಲೆಕ್ಕವಿಲ್ಲ. ‘ಏನ್ ಸಾರ್, ನಿಧಿ ಎಷ್ಟಡಿ ಕೆಳಗಿದ್ಯಂತೆ?’ ಎನ್ನುವುದು ಶಾಸನ ಓದುವವರು ಪ್ರತಿ ಊರಿನಲ್ಲೂ ಎದುರಿಸುವ ಮೊದಲ ಪ್ರಶ್ನೆ.

ಇದಕ್ಕೆ ಒಳ್ಳೆಯ ಉತ್ತರ ಎಂದರೆ ಅಲ್ಲೇ ನಿಂತು ಓದಿ ಹೇಳುವುದು. ಅಗರದ ಕಲ್ಲನ್ನು ತೆಗೆದುಕೊಳ್ಳಿ, ಸುಮಾರು ಕ್ರಿ.ಶ. 870ರದು. ಇರುಗಮಯ್ಯನ ಮಗ ಸಿರಿಮಯ್ಯ ಕೆರೆಗಳಿಗೆ ತೂಬು ಇಡಿಸಿದ, ಇನ್ನೊಂದು ಕೆರೆ ಕಟ್ಟಿಸಿದ ಎನ್ನುತ್ತದೆ ಅದು. ಅಗರ ಕೆರೆಯ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಅದನ್ನು ಓದಿ ಹೇಳಿದರೆ ನಿಧಿಯ ಮಾತು ನಿಲ್ಲುತ್ತದೆ, ತೂಬು ಎಲ್ಲಿದೆ ಎಂಬ ಮಾತು ಶುರುವಾಗುತ್ತದೆ. ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ಗುಡಿಯ 1669ರ ಶಾಸನ ಶಿವಾಜಿಯ ಮಲತಮ್ಮ ಏಕೋಜಿ ಬಿಟ್ಟ ದತ್ತಿಯದು. ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿ ತಮಿಳು ಶಾಸನಗಳಿವೆ. ಇವನ್ನು ಕೇಳಿದವರು ‘ನಮ್ಮೂರು ಯಾರದ್ದು’ ಎಂದು ಜಗಳಕ್ಕೆ ನಿಲ್ಲುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ. ಹೆಬ್ಬಾಳದಲ್ಲಿ ಮಂಟಪಕ್ಕಿಂತ ಮೊದಲು ನಡೆದದ್ದೂ ಇದೇ. ‘ನಿಮ್ಮೂರಿನ ಹೆಸರು ಈ ಕಲ್ಲಿನಲ್ಲಿದೆ’ ಎಂದು ಹೇಳಿದ್ದು. ಆಮೇಲೆ ಅದು ಇಲಾಖೆಯ ಕಲ್ಲಲ್ಲ, ಇತಿಹಾಸದವರ ಕಲ್ಲೂ ಅಲ್ಲ.

ಸರಿಹೋಗದೆ ಉಳಿದಿರುವುದೂ ಇದೆ. ‘ಅತ್ಯಂತ ಹಳೆಯದು’ ಎಂಬ ಬಿರುದು ಹೆಬ್ಬಾಳಕ್ಕೆ ದುಡ್ಡನ್ನೂ ಪತ್ರಿಕೆಯ ಜಾಗವನ್ನೂ ತಂದುಕೊಟ್ಟಿತು. ಆದರೆ ಹದಿನಾರನೆಯ ಶತಮಾನದ ಒಂದು ಸಾಧಾರಣ ದಾನಶಾಸನಕ್ಕೆ, ಅರ್ಧ ಮುರಿದು ಒಂದೇ ಸಾಲು ಉಳಿದ ಕಲ್ಲಿಗೆ ಯಾರು ಮಂಟಪ ಕಟ್ಟುತ್ತಾರೆ? ಅಂಥವೇ ಹೆಚ್ಚು, ಮೊದಲು ಹೋಗುವವೂ ಅವೇ. ಪ್ರತಿಯೊಂದಕ್ಕೂ ಚಂದಾ ಎತ್ತಲಾಗದು, ಎತ್ತಬಾರದು ಕೂಡ. ಒಂದು ಸಿಮೆಂಟ್ ಕಟ್ಟೆ, ಓದು ಬರೆದ ಒಂದು ಫಲಕ, ಪಕ್ಕದ ಅಂಗಡಿಯವರ ಕಣ್ಣು, ಇಷ್ಟಿದ್ದರೆ ಸಾಕು ಎನ್ನುವ ಅಗ್ಗದ ಮಾದರಿಯೊಂದು ರೂಢಿಯಾಗಬೇಕಿತ್ತು. ಇನ್ನೊಂದು, ಇಡೀ ಕೆಲಸ ಕೆಲವೇ ಜನರ ಭಾನುವಾರಗಳ ಮೇಲೆ ನಿಂತಿದೆ. ಅವರ ಮಕ್ಕಳು ದೊಡ್ಡವರಾಗುತ್ತಾರೆ, ಕೆಲಸ ಬೇರೆ ಊರಿಗೆ ಹೋಗುತ್ತದೆ, ಮೊಣಕಾಲು ನೋಯುತ್ತದೆ.

ನಿಮ್ಮ ಬೀದಿಯಲ್ಲಿ ನಾಳೆ ಇಂಥ ಕಲ್ಲು ಎದ್ದರೆ ಏನು ಮಾಡಬೇಕು ಎಂದು ಕೇಳುವವರಿಗೆ ಹೆಬ್ಬಾಳದ ಅನುಭವದಿಂದ ಹೇಳಬಹುದಾದದ್ದು ಇಷ್ಟು. ನಾಲ್ಕೂ ಮುಖದ ಫೋಟೊ ತೆಗೆಯಿರಿ, ಜಾಗದ ಲೊಕೇಶನ್ ಹಾಕಿ ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ಕಳಿಸಿ, ನೀರು ಬಿಟ್ಟು ಬೇರೆ ಏನನ್ನೂ ಅದರ ಮೇಲೆ ಹಾಕಬೇಡಿ. ಇವೆಲ್ಲ ಆಮೇಲಿನ ಕೆಲಸ. ಮೊದಲು ಜೆಸಿಬಿ ಓಡಿಸುವ ಹುಡುಗನನ್ನು ಕೆಳಗಿಳಿಸಿ, ಮೂಲೆಯ ಅಂಗಡಿಯಲ್ಲಿ ಒಂದು ಟೀ ಕೊಡಿಸಿ, ಹತ್ತು ನಿಮಿಷ ಮಾತಿಗೆ ಹಿಡಿದುಕೊಳ್ಳಿ.